ಸಿದ್ಧನ ಮೂಲಿಕೆ, ಹಲ್ಲಿಯ ಬಾಲ

ರಾಯದುರ್ಗದ ಬೆಟ್ಟದಲ್ಲಿ ರಸಸಿದ್ಧನ ಹೆಸರಿನ ನೆಲೆಯೊಂದಿದೆ. ಮಲತಾಯಿಯ ಸುಳ್ಳು ದೂರಿನಿಂದ ಕೈಕಾಲು ಕಳೆದುಕೊಂಡ ಸಾರಂಗಧರನಿಗೆ ಆ ಸಿದ್ಧ ಮೂಲಿಕೆ ಹಚ್ಚಿ ಅಂಗಗಳನ್ನು ಮರಳಿ ಬರಿಸಿದನೆಂಬುದು ಊರಿನ ಐತಿಹ್ಯ. ಆದರೆ ಅಲ್ಲಿನ ಕಲ್ಲುಗಳಲ್ಲಿ ಕಾಣುವುದು ಜೈನ ಶಿಲ್ಪ. ಊರಿನ 1355ರ ಶಾಸನ ಹೇಳುವುದು ಶಾಂತಿನಾಥ ಜಿನನ ಪ್ರತಿಷ್ಠೆಯನ್ನು. ಕಥೆ ಬಾಯಿಂದ ಬಾಯಿಗೆ ಬೆಳೆಯಿತು, ಕಲ್ಲಕ್ಷರ ಹಾಗೇ ಉಳಿಯಿತು. ಪುರಾವೆಯೆಂದರೇನೆಂದು ಮಕ್ಕಳಿಗೆ ತೋರಿಸಲು ಇಷ್ಟು ಸಾಕು.

ಹೀಗೆ ಪರೀಕ್ಷಿಸಿದರೆ ಕಥೆಯ ಸೊಗಸು ಕೆಡುತ್ತದೆ ಎನ್ನುವವರಿದ್ದಾರೆ. ಕೆಡದು. ಹಲ್ಲಿಯ ತುಂಡಾದ ಬಾಲ ಮತ್ತೆ ಬೆಳೆದದ್ದನ್ನು ಗೋಡೆಯ ಮೇಲೆ ಕಂಡ ಮಗು, ಮನುಷ್ಯನ ಕೈ ಯಾಕೆ ಬೆಳೆಯದು ಎಂದು ಕೇಳುತ್ತದೆ. ವಿಜ್ಞಾನ ಶುರುವಾಗುವುದು ಅಲ್ಲಿಂದಲೇ. ಕಥೆಯನ್ನು ಕಥೆಯಾಗಿ ಹೇಳೋಣ, ನಿಜವನ್ನು ನಿಜವಾಗಿ ತೋರಿಸೋಣ.