ಅಟ್ಟ ಸೇರಿದ ವಾಲ್ವ್ ರೇಡಿಯೋ

ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ. ಅದಕ್ಕೆ ಮೊದಲೇ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯಿದೆಯು ರೇಡಿಯೋ ಇಟ್ಟುಕೊಳ್ಳುವುದಕ್ಕೇ ಲೈಸೆನ್ಸ್ ಬೇಕೆಂದು ವಿಧಿಸಿತ್ತು. ಕೇಳಿದರೂ ಕೇಳದಿದ್ದರೂ ಅಂಚೆ ಕಚೇರಿಯಲ್ಲಿ ವರ್ಷದ ಶುಲ್ಕ ಕಟ್ಟಬೇಕು. ಹಾಗಿರುವಾಗ ಕೆಟ್ಟ ರೇಡಿಯೋವನ್ನು ಮೂಲೆಗೆ ತಳ್ಳುವುದು ದುಂದೇ ಸರಿ. ರಿಪೇರಿ ಮಾಡಿಸುವುದು, ಇಲ್ಲವೇ ಮಾರುವುದು ಲೇಸು.

ಲೈಸೆನ್ಸಿನ ಕಾಟ ತೊಲಗಿದ್ದು 1980ರ ದಶಕದಲ್ಲಿ. ಅಷ್ಟರಲ್ಲಿ ಟ್ರಾನ್ಸಿಸ್ಟರು ಮನೆಮನೆಯನ್ನು ಹೊಕ್ಕಿತ್ತು. ವಾಲ್ವುಗಳು ಬಿಸಿಯಾಗಿ ದನಿ ಹೊರಡುವ ತನಕ ಕಾಯುವ ತಾಳ್ಮೆ ಯಾರಿಗಿತ್ತು? ತೇಗದ ಪೆಟ್ಟಿಗೆಗಳು ಅಟ್ಟವೇರಿದವು. ಇಟ್ಟುಕೊಳ್ಳಲು ಖರ್ಚಿಲ್ಲವೆಂದಾದ ಮೇಲೆಯೇ ಅವು ಅನಾಥವಾದದ್ದು ವಿಚಿತ್ರ.

ಅಂಥ ಪೆಟ್ಟಿಗೆಯೊಂದು ನಿಮ್ಮ ಮನೆಯಲ್ಲಿದ್ದರೆ ಕುತೂಹಲಕ್ಕೆಂದು ಪ್ಲಗ್ಗಿಗೆ ಹಾಕಬೇಡಿ. ಮೇಣ ಸವರಿದ ಹಳೆಯ ಕಾಗದದ ಕೆಪ್ಯಾಸಿಟರುಗಳು ತೇವ ಹೀರಿ ಕೆಟ್ಟಿರುತ್ತವೆ. ವಿದ್ಯುತ್ ಹರಿದೊಡನೆ ವಾಲ್ವನ್ನೂ ಟ್ರಾನ್ಸ್‌ಫಾರ್ಮರನ್ನೂ ಬಲಿ ತೆಗೆದುಕೊಂಡಾವು. ಬಲ್ಲವರಿಂದ ಮೊದಲು ಅವನ್ನು ಬದಲಾಯಿಸಬೇಕು. ಅದು ದೊಡ್ಡ ಖರ್ಚಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ, ಪೆಟ್ಟಿಗೆ ಗೆದ್ದಲು ತಿಂದಿದ್ದರೆ, ಹಳೆಯ ರೇಡಿಯೋ ಕೂಡಿಸುವವರಿಗೆ ಇಡಿಯಾಗಿ ಮಾರಿಬಿಡಿ. ಅದರ ವಾಲ್ವುಗಳು ಇನ್ನೊಂದನ್ನು ಬದುಕಿಸಿಯಾವು. ಗುಜರಿಯವನು ನೋಡುವುದು ತಾಮ್ರದ ತೂಕವನ್ನಷ್ಟೇ.

ನಮ್ಮ ಮನೆಯದರ ಟ್ರಾನ್ಸ್‌ಫಾರ್ಮರ್ ಗಟ್ಟಿಯಾಗಿದೆ. ಮಕ್ಕಳ ಆಕ್ಷೇಪಣೆಯ ನಡುವೆಯೂ ರಿಪೇರಿಗೆ ಕೊಟ್ಟಿದ್ದೇನೆ.