ಕಡಲಂಚಿನ ಕಾಲುದಾರಿ

ಅಮೆರಿಕದ ಮೇಯ್ನ್ ರಾಜ್ಯದ ತೀರದಲ್ಲಿ ಮೌಂಟ್ ಡೆಸರ್ಟ್ ಎಂಬ ದ್ವೀಪವಿದೆ. 1604ರಲ್ಲಿ ಫ್ರೆಂಚ್ ನಾವಿಕ ಶಾಂಪ್ಲೇನ್ ಅದರ ಬೋಳು ಶಿಖರಗಳನ್ನು ಕಂಡು ಆ ಹೆಸರನ್ನಿತ್ತನು. ವಬನಾಕಿ ಜನರು ಅದಕ್ಕೆ ಸಹಸ್ರಾರು ವರ್ಷಗಳ ಮೊದಲೇ ಆ ಕರಾವಳಿಯಲ್ಲಿ ಬಾಳಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಧನಿಕರ ಬೇಸಗೆಯ ಬಂಗಲೆಗಳು ಅಲ್ಲಿ ತುಂಬಿಕೊಂಡವು. ಕಡಲನ್ನು ನೋಡುವುದಕ್ಕೂ ಒಡೆಯರ ಅಪ್ಪಣೆ ಬೇಕಾಗುವುದೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕಿದವರೂ ಬೇಸಗೆಯ ಅತಿಥಿಗಳೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್, ಜಾರ್ಜ್ ಡಾರ್ ಮೊದಲಾದವರು 1901ರಲ್ಲಿ ಸಂಸ್ಥೆಯೊಂದನ್ನು ಕಟ್ಟಿ, ಸಾರ್ವಜನಿಕರಿಗಾಗಿ ನೆಲವನ್ನು ಕೂಡಿಸಿದರು. ಡಾರ್ ತನ್ನ ಪಿತ್ರಾರ್ಜಿತವನ್ನು ಇದಕ್ಕೇ ಸುರಿದನು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. 1929ರಲ್ಲಿ ಅಕೇಡಿಯಾ ಎಂಬ ಹೆಸರು ಪಡೆಯಿತು. ಎಣ್ಣೆಯ ಸಂಪತ್ತಿನ ವಾರಸುದಾರ ಕಿರಿಯ ರಾಕ್‌ಫೆಲರ್, ಮೋಟಾರುಗಳಿಗೆ ಪ್ರವೇಶವಿಲ್ಲದ ಸುಮಾರು 45 ಮೈಲಿ ಗಾಡಿದಾರಿಯನ್ನು ಹಾಕಿಸಿದ್ದು ಇತಿಹಾಸದ ವಿನೋದವೆಂದೇ ನನಗೆ ತೋರುತ್ತದೆ.

ಈ ದಾರಿಗಳ ಕಥೆಯಲ್ಲಿ ದಾನಿಗಳಷ್ಟೇ ಇಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಸರಕಾರದ ಶಿಬಿರಗಳಲ್ಲಿದ್ದ ನಿರುದ್ಯೋಗಿ ತರುಣರೂ ಇಲ್ಲಿ ಕಲ್ಲು ಹೊತ್ತು ಕಾಲುದಾರಿಗಳನ್ನು ಸರಿಪಡಿಸಿದರು. ಮರಳ ದಂಡೆಯಿಂದ ಆಟರ್ ಪಾಯಿಂಟ್‌ವರೆಗೆ ಸಾಗುವ ಎರಡು ಮೈಲಿಗಳ ಕಡಲದಾರಿಯಲ್ಲಿ ಒಂದು ಕಡೆ ನಸುಗೆಂಪು ಗ್ರಾನೈಟ್ ಬಂಡೆ, ಮತ್ತೊಂದು ಕಡೆ ಕಾಡು. ನಡುವೆ ಅಲೆಗಳು ಗುಡುಗುವ ಬಿರುಕು. 1947ರ ಬೆಂಕಿಯಲ್ಲಿ ದ್ವೀಪದ 17,000 ಎಕರೆಗೂ ಹೆಚ್ಚು ನೆಲ ಸುಟ್ಟಿತು, ಅನೇಕ ಬಂಗಲೆಗಳೂ ಬೂದಿಯಾದವು. ಸುಟ್ಟ ನೆಲದಲ್ಲಿ ಬರ್ಚ್ ಮರಗಳು ಚಿಗುರಿದವು.

ಕಡಲು ಯಾರದೆಂಬ ಪ್ರಶ್ನೆ ಅಲ್ಲಿ ಪೂರ್ತಿ ತೀರಿತೆಂದು ನಾನು ಹೇಳಲಾರೆ. ವಬನಾಕಿಗಳ ನೆನಪು ಅಲ್ಲಿ ಇನ್ನೂ ಉಳಿದಿದೆ. ಆದರೂ ಸಾಮಾನ್ಯನೊಬ್ಬನು ಯಾರ ಅಪ್ಪಣೆಯನ್ನೂ ಬೇಡದೆ ಆ ಬಂಡೆಯ ಮೇಲೆ ಕುಳಿತು ಅಲೆಗಳನ್ನು ನೋಡಬಲ್ಲನೆಂಬುದು ಸಣ್ಣ ಸಂಗತಿಯಲ್ಲ.