ಶಟರ್ ಸ್ಪ್ರಿಂಗು, ಎರಡು ಪೈಪ್ ರೆಂಚು

ಹೋದ ವಾರ ಬೆಳಗಿನ ಜಾವ 4 ಗಂಟೆಗೆ ಶೆಡ್ಡಿನ ಶಟರ್ ಎತ್ತೋಕೆ ಹೋದೆ. ಮೇಲೆ ಎಲ್ಲೋ ಠಣ್ ಅಂತ ಸದ್ದಾಯ್ತು, ಶಟರ್ ಮೊಣಕಾಲಿಗೆ ಬಂದು ನಿಂತುಬಿಡ್ತು. ಒಳಗೆ ಸೊಪ್ಪು ತುಂಬಿದ ಟೆಂಪೋ. ಅಕ್ಕಪಕ್ಕದವರನ್ನ ಎಬ್ಬಿಸಿ, ಟ್ರಾಕ್ಟರ್ ಜಾಕ್ ಕೊಟ್ಟು, ಕೆಳಗೆ ಮರದ ದಿಮ್ಮಿ ಇಡ್ತಾ ಇಡ್ತಾ ಎತ್ತುವಷ್ಟರಲ್ಲಿ ಬೆಳಕು ಹರಿದಿತ್ತು. ಕೆ.ಆರ್. ಪುರ ತಲುಪಿದಾಗ ದಂಟಿನ ರೇಟು ಅರ್ಧ.

ಆ ಕೋಪದಲ್ಲಿ, ಇದನ್ನ ನಾನೇ ರಿಪೇರಿ ಮಾಡ್ತೀನಿ ಅಂತ ಹೊರಟೆ. ಮನೆಯಲ್ಲಿ ಅಮ್ಮ ಒಂದೇ ಮಾತು ಅಂದ್ರು: "ನಿನ್ನ ಚಿಕ್ಕಪ್ಪನ ಕೈ ನೋಡ್ಕೊಂಡು ಹೋಗು." ಚಿಕ್ಕಪ್ಪ ಇಪ್ಪತ್ತು ವರ್ಷದ ಹಿಂದೆ ಶಟರ್ ಕೆಳಗಿರುವಾಗಲೇ ಬ್ರಾಕೆಟ್ಟಿನ ಕ್ಲಾಂಪ್ ಸಡಿಲ ಮಾಡಿದವರು. ರೆಂಚು ಗಿರ್ರನೆ ತಿರುಗಿ ಎಡ ಮಣಿಕಟ್ಟು ಮುರೀತು. ಇವತ್ತಿಗೂ ಆ ಕೈಯಲ್ಲಿ ಕುಡುಗೋಲು ಸರಿಯಾಗಿ ಹಿಡಿಯೋಕಾಗಲ್ಲ.

ಶಟರಿನ ಸ್ಪ್ರಿಂಗು ಮಾಡೋ ಕೆಲಸ ನಮಗೆ ಹೊಸದಲ್ಲ. ಏತದಲ್ಲಿ ನೀರು ಎತ್ತುತ್ತಿದ್ದದ್ದು ಹೇಗೆ? ಒಂದು ಕಡೆ ಬಾನಿ, ಇನ್ನೊಂದು ಕಡೆ ಭಾರ. ಮನುಷ್ಯನ ಪಾಲಿಗೆ ಉಳಿಯೋದು ಸ್ವಲ್ಪವೇ. 8 ಅಡಿಗೆ 8 ಅಡಿ ಶಟರಿನ ತಗಡು 1.25 ಮಿ.ಮೀ. ದಪ್ಪ ಅಂದ್ರೆ ಚದರ ಮೀಟರಿಗೆ ಹತ್ತಿರತ್ತಿರ 10 ಕೆಜಿ. ಪಟ್ಟಿಗಳ ಮಡಿಕೆ, ಕೊಂಡಿ ಎಲ್ಲ ಸೇರಿದರೆ 70 ಕೆಜಿ ಆಗೇ ಆಗುತ್ತೆ. ಅದನ್ನ ಹೆಂಗಸರು, ಮಕ್ಕಳು ಒಂದೇ ಕೈಯಲ್ಲಿ ಎತ್ತುತ್ತಾರೆ ಅಂದ್ರೆ ಭಾರ ಹೊರ್ತಿರೋದು ಸ್ಪ್ರಿಂಗು.

ಏತಕ್ಕಿಂತ ಇದರಲ್ಲಿ ಒಂದು ಜಾಣತನ ಜಾಸ್ತಿ. ಶಟರ್ ಮೇಲೆ ಸುತ್ತಿಕೊಂಡಷ್ಟೂ ತೂಗುವ ಭಾರ ಕಮ್ಮಿ ಆಗುತ್ತೆ, ಸ್ಪ್ರಿಂಗಿನ ಬಿಗಿಯೂ ಅಷ್ಟೇ ಇಳಿಯುತ್ತೆ. ಎಳೆದಷ್ಟೂ ಬಲ ಅನ್ನೋ ಈ ಲೆಕ್ಕವನ್ನ ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲೇ ಬಿಡಿಸಿ ಬರೆದಿದ್ದ. ಹಾಗಾಗಿ ಶಟರ್ ಪೂರ್ತಿ ಇಳಿದಿರುವಾಗ ಸ್ಪ್ರಿಂಗಲ್ಲಿ ಗರಿಷ್ಠ ಬಿಗಿ. ಚಿಕ್ಕಪ್ಪ ಕ್ಲಾಂಪ್ ಬಿಚ್ಚಿದ್ದು ಅದೇ ಸ್ಥಿತಿಯಲ್ಲಿ.

ನಮ್ಮ ಕಡೆಗೆ ಕಬ್ಬಿಣದ ಕೆಲಸ ಬಂದಿದ್ದು ದಂಡಿನಿಂದ. ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಹೆದರಿ ಬ್ರಿಟಿಷರು 1809ರಲ್ಲಿ ಹಲಸೂರಿನ ಪಕ್ಕ ದಂಡು ಪ್ರದೇಶ ಕಟ್ಟಿದರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂತು. ಆಗ ಬ್ಲಾಕ್‌ಪಳ್ಳಿ ಅಂತಿದ್ದ ಇವತ್ತಿನ ಶಿವಾಜಿನಗರದಲ್ಲಿ ಸೈನ್ಯಕ್ಕೆ ಬೇಕಾದ ಕಮ್ಮಾರ, ಬಡಗಿ, ಜೀನು ಹೊಲಿಯೋರು ಎಲ್ಲ ಸೇರಿಕೊಂಡರು. ಅಂಗಡಿ ಬಾಗಿಲು ಮಾತ್ರ ಬಹಳ ಕಾಲ ಮರದ್ದೇ. ಹೊಸ್ತಿಲಿನ ಗಾಡಿಯಲ್ಲಿ ಒಂದೊಂದೇ ಹಲಗೆ ತೂರಿಸಿ ನಿಲ್ಲಿಸೋದು. ಹಲಗೆ ಅದಲು ಬದಲು ಆಗದ ಹಾಗೆ ಮೇಲೆ 1, 2, 3 ಅಂತ ಬರೆದಿರೋದು. ನಾನು ಚಿಕ್ಕವನಿದ್ದಾಗ ಹಲಸೂರು ಬಜಾರಲ್ಲಿ ಅಂಥ ಹಲಗೆ ಹೊತ್ತಿದ್ದೀನಿ. ಆಮೇಲೆ ಕಬ್ಬಿಣದ ಶಟರ್ ಬಂದು ಇಡೀ ಬಾಗಿಲು ಒಂದೇ ಎಳೆತಕ್ಕೆ ಬಂತು. ಇಂದಿರಾನಗರದಲ್ಲಂತೂ ಮನೆಯ ಕಾರ್ ಶೆಡ್ಡಿಗೆ ಶಟರ್ ಹಾಕಿದ್ದೇ ತಡ, ಅದೇ ಅಂಗಡಿ ಆಯ್ತು.

ಅಮೆರಿಕದಲ್ಲಿ ಸುತ್ತಿಕೊಳ್ಳದೆ ಮಡಚಿ ಮೇಲೇರುವ ಗ್ಯಾರೇಜ್ ಬಾಗಿಲನ್ನ ಸಿ.ಜಿ. ಜಾನ್ಸನ್ ಅನ್ನೋರು 1921ರಲ್ಲಿ ತಂದರು. ಅಲ್ಲಿ ಮನೆ ಯಜಮಾನರೇ ಸ್ಪ್ರಿಂಗು ಬದಲಿಸೋದುಂಟು. ಉಪಕರಣ ಅಂದ್ರೆ ಎರಡು ಗಟ್ಟಿ ಉಕ್ಕಿನ ಸರಳು. ಸ್ಪ್ರಿಂಗಿನ ತುದಿಯ ತೂತಿಗೆ ಒಂದು ಸರಳು ಹಾಕಿ ತಿರುಗಿಸಿ ಹಿಡ್ಕೊಂಡಿದ್ದು, ಎರಡನೇದು ಕೂತ ಮೇಲೆ ಮೊದಲನೇದು ತೆಗೆಯೋದು. ಸರಳಿನ ಬದಲು ಸ್ಕ್ರೂ ಡ್ರೈವರ್ ತುರುಕಿದೋರು ಆಸ್ಪತ್ರೆ ಸೇರಿದ್ದಾರೆ. ನಮ್ಮ ಶಟರಿಗೆ ಸರಳಿನ ಜಾಗದಲ್ಲಿ ಪೈಪ್ ರೆಂಚು, ಅದೂ ಎರಡು. 1870ರ ಸುಮಾರಿಗೆ ಸ್ಟಿಲ್ಸನ್ ಅನ್ನೋ ಅಮೆರಿಕನ್ ಮೆಕ್ಯಾನಿಕ್ ಮಾಡಿದ ಹಲ್ಲಿನ ರೆಂಚೇ ಇದು. ತಿರುಗಿಸಿದಷ್ಟೂ ಪೈಪನ್ನ ಕಚ್ಚಿ ಹಿಡಿಯುತ್ತೆ, ಉಲ್ಟಾ ತಿರುಗಿದರೆ ಬಿಟ್ಟುಬಿಡುತ್ತೆ. ಯಾವ ಕಡೆಗೆ ಬಾಯಿ ಇಟ್ಟೆ ಅನ್ನೋದು ಅದಕ್ಕೇ ಮುಖ್ಯ.

ಶಿವಾಜಿನಗರದ ಗುಜರಿಗೆ ಹೋದೆ. ಹಳೇ ಕಾರು, ಬೈಕುಗಳ ಮೂಳೆ ಮಾಂಸ ಬೇರೆ ಮಾಡಿ ಮಾರೋ ಬೀದಿಗಳವು. ಬಾಯಿ ಸವೆಯದ, ಕೈಯುದ್ದದ ರೆಂಚು ಎರಡು ಸಿಕ್ಕವು. ಸ್ಪ್ರಿಂಗು ಮಾತ್ರ ಹಳೇದು ತಗೋಬೇಡ ಅಂತ ಗುಜರಿಯವನೇ ಹೇಳಿದ. ಉಕ್ಕಿಗೆ ಸುಸ್ತು ಅನ್ನೋದು ಇರುತ್ತೆ, ಕಣ್ಣಿಗೆ ಕಾಣಲ್ಲ. ಹಾಗಾಗಿ ಎಸ್.ಪಿ. ರಸ್ತೆ ಕಡೆ ಹೋಗಿ ಹೊಸದೇ ತಂದೆ. ಒಂದೊಂದು 27.5 ಸೆಂ.ಮೀ., ಸರ್ಕಾರಿ ಕಟ್ಟಡದ ಟೆಂಡರಿನಲ್ಲೂ ಇದೇ ಅಳತೆ. ಮುರಿದದ್ದು ಒಂದೇ ಆದ್ರೂ ಜೊತೆಯವೂ ಅದೇ ವಯಸ್ಸಿನವು, ಎಲ್ಲಾನೂ ಬದಲಿಸಿದೆ.

ಕೆಲಸಕ್ಕೆ ಜೊತೆಯಾದೋರು ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ರಿಟೈರಾದ ನಮ್ಮೂರಿನ ಹಿರಿಯರು. ನನಗೆ ಅರ್ಧ ಕೆಲಸ ಮಾತ್ರ ಕೊಟ್ಟರು, ಒಳ್ಳೇದೇ ಆಯ್ತು. ಶಟರ್ ಪೂರ್ತಿ ಮೇಲೆತ್ತಿ, ಬಿಚ್ಚಿಕೊಳ್ಳದ ಹಾಗೆ ಸುರುಳಿಗೆ ಸರಪಳಿ ಕಟ್ಟಿಸಿದರು. ಇಬ್ಬರಿಗೂ ಬೇರೆ ಬೇರೆ ಏಣಿ, ಮುಖ ರೆಂಚಿನ ದಾರಿಯಿಂದ ಆಚೆ. ಆಮೇಲೇ ಕ್ಲಾಂಪ್. ಉಳಿದ ಬಿಗಿಯನ್ನ ರೆಂಚಿನಿಂದ ರೆಂಚಿಗೆ ಕೈ ಬದಲಿಸ್ತಾ ಕಾಲು ಕಾಲು ಸುತ್ತು ಇಳಿಸಿದ್ವಿ. ಹೊಸದಕ್ಕೆ ಬಿಗಿ ಕೊಡೋವಾಗಲೂ ಹಾಗೇ. ಒಂದು ಸಲ ನನ್ನ ರೆಂಚು ಜಾರಿತು, ಅವರದ್ದು ಹಿಡ್ಕೊಂಡಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎಷ್ಟು ಸುತ್ತು ಕೊಡಬೇಕು ಅಂತ ಕೇಳಿದಾಗ ಬ್ರಾಕೆಟ್ಟಿನ ಒಳಗೆ ಟಾರ್ಚ್ ಬಿಟ್ಟು ತೋರಿಸಿದರು. ಧೂಳು ಒರೆಸಿದರೆ ಉಳಿಯಲ್ಲಿ ಕೊರೆದ ಮೂರು ಗೀಟು, ಪಕ್ಕದಲ್ಲೊಂದು ಗಿಡ್ಡ ಗೀಟು. ಮೊದಲು ಹಾಕಿದ ಮಿಸ್ತ್ರಿ ಬಿಟ್ಟುಹೋಗಿದ್ದ ಲೆಕ್ಕ, ಮೂರೂವರೆ. ಅಷ್ಟೇ ಕೊಟ್ಟು ಕ್ಲಾಂಪ್ ಬಿಗಿದು ಸರಪಳಿ ಬಿಚ್ಚಿದ್ವಿ. ಶಟರನ್ನ ಸೊಂಟದ ಮಟ್ಟಕ್ಕೆ ಎಳೆದು ಕೈ ಬಿಟ್ಟೆ, ಅಲ್ಲೇ ನಿಂತಿತು. ಚಿಕ್ಕಪ್ಪ ಕಟ್ಟೆ ಮೇಲೆ ಕೂತು ನೋಡ್ತಿದ್ದರು. ಎದ್ದು ಬಂದು ಬಲಗೈಯಲ್ಲಿ ಒಂದು ಸಲ ಇಳಿಸಿದರು, ಒಂದು ಸಲ ಎತ್ತಿದರು.